ಕಾಡುಬೆಕ್ಕೆಂಬ ತೋಟಾ

ಬಂದೂಕು ಬೇಟೆಗಾರನ ಸ್ವತ್ತು. ನಮ್ಮಂಥ ಗುಮಾಸ್ತರಿಗೆ ಲೇಖಣಿಯೇ ಆಯುಧ. ಆದರೂ ಅಮೆರಿಕದ ‘ವೈಲ್ಡ್‌ಕ್ಯಾಟ್’ ರೈಫಲ್ಲಿನ ಕತೆ ಕಡತ ಬರೆಯುವವರೂ ತಿಳಿಯತಕ್ಕಂಥದು.

ವೈಲ್ಡ್‌ಕ್ಯಾಟ್ ಎಂದರೆ ಕಾಡುಬೆಕ್ಕು. ಯಾವ ಕಾರ್ಖಾನೆಯೂ ತಯಾರಿಸದೆ, ಹವ್ಯಾಸಿಗಳು ತಾವೇ ರೂಪಿಸಿಕೊಂಡ ತೋಟಾಗಳಿಗೆ ಅಲ್ಲಿ ಈ ಅಡ್ಡಹೆಸರು. ಹೊಲ, ಹುಲ್ಲುಗಾವಲುಗಳಲ್ಲಿ ಬಿಲ ತೋಡುವ ವುಡ್‌ಚಕ್, ಪ್ರೇರಿ ಡಾಗ್ ಮುಂತಾದವನ್ನು ಅಲ್ಲಿನ ರೈತರು ‘ವಾರ್ಮಿಂಟ್’, ಅಂದರೆ ಪೀಡೆ, ಎನ್ನುತ್ತಾರೆ. ಇಷ್ಟು ಸಣ್ಣ ಪ್ರಾಣಿಗೆ 200-300 ಗಜ ದೂರದಿಂದ ಗುರಿಯಿಡಬೇಕಾದರೆ ಗುಂಡು ಹೆಚ್ಚು ಬಾಗದೆ ಸಾಗಬೇಕು. ಅದಕ್ಕೆ ವೇಗ ಬೇಕು.

ಆ ವೇಗ ದೊರೆತ ಬಗೆ ಹೀಗೆ. ಸ್ಯಾವೇಜ್ ಕಂಪನಿ 1915ರಲ್ಲಿ ಹೊರತಂದ .250 ತೋಟಾದ ಹಿತ್ತಾಳೆಯ ಕೋಶವನ್ನು 1930ರ ದಶಕದಲ್ಲಿ ಹವ್ಯಾಸಿಗಳು ಅಚ್ಚಿಗೆ ಒತ್ತಿ, ಕತ್ತು ಕಿರಿದು ಮಾಡಿ, .22ರ ಸಣ್ಣ ಗುಂಡು ಕೂರಿಸಿದರು. ಹೊಟ್ಟೆ ದೊಡ್ಡದು, ಕತ್ತು ಸಣ್ಣದು! ಇದೇ .22-250. ಸುಮಾರು ಮೂರೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ 3,600 ಅಡಿಗಳ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ.

ಇಂಥ ತೋಟಾಕ್ಕೆ ಅಂಗಡಿಯ ರೈಫಲ್ಲು ಒದಗದು. ಕುಶಲ ಕೆಲಸಗಾರನು ಭಾರವಾದ ನಳಿಗೆಯನ್ನು ಲೇತಿಗೆ ಏರಿಸಿ, ತೋಟಾ ಕೂರುವ ಗೂಡನ್ನು ಅದೇ ಆಕಾರದ ರೀಮರಿನಿಂದ ಕೊರೆಯುತ್ತಾನೆ. ಬಳಿಕ ಎರಡು ಉಕ್ಕಿನ ಗೇಜುಗಳ ಪರೀಕ್ಷೆ: ಒಂದರ ಮೇಲೆ ಬೋಲ್ಟು ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಕೂಡದು. ಎರಡಕ್ಕೂ ಇರುವ ಅಂತರ ಅಂಗುಲದ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಗೂಡು ಸಡಿಲವಾದರೆ ಕೋಶ ಸೀಳಿ, ಬಿಸಿ ಅನಿಲ ಹೊಡೆಯುವವನ ಮುಖಕ್ಕೇ ನುಗ್ಗಬಹುದು.

ಅನಂತರ ಮೈದಾನದ ಪರೀಕ್ಷೆ. ಮರಳಿನ ಚೀಲದ ಮೇಲೆ ರೈಫಲ್ಲನ್ನಿಟ್ಟು 100 ಗಜ ದೂರದ ಕಾಗದಕ್ಕೆ ಐದು ಗುಂಡು ಹಾರಿಸುತ್ತಾರೆ. ಐದೂ ಒಂದಂಗುಲದೊಳಗೆ ಬಿದ್ದರೆ ಶ್ರಮ ಸಾರ್ಥಕ. ಮದ್ದನ್ನು ಕಡಿಮೆಯಿಂದಲೇ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುವುದು ನಿಯಮ. ಕ್ಯಾಪು ಚಪ್ಪಟೆಯಾದರೆ ಅಥವಾ ಬೋಲ್ಟು ಬಿಗಿದರೆ ಅಲ್ಲಿಗೇ ನಿಲ್ಲಿಸಬೇಕು.

ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರಿದುದು ಬರವಣಿಗೆಯ ಮಾತು. ಕೋಶದ ಬುಡದಲ್ಲಿ ‘.250 ಸ್ಯಾವೇಜ್’ ಎಂಬ ಹಳೆಯ ಮುದ್ರೆ ಹಾಗೆಯೇ ಉಳಿದಿರುತ್ತದೆ, ಒಳಗಿರುವುದು ಬೇರೆ. ಆದ್ದರಿಂದ ನಳಿಗೆಯ ಮೇಲೆ ನಿಜವಾದ ಹೆಸರನ್ನು ಕೆತ್ತಿಸಿ, ತೋಟಾದ ಪೆಟ್ಟಿಗೆಗೆ ಚೀಟಿ ಅಂಟಿಸುವುದು ಕರ್ತವ್ಯ. ಮಾಡಿದವನಿಗೆ ಎಲ್ಲವೂ ನೆನಪಿರಬಹುದು. ಆದರೆ ಅವನ ಕಾಲಾನಂತರ ಆ ರೈಫಲ್ಲನ್ನು ಕೈಗೆತ್ತಿಕೊಳ್ಳುವ ಮಗನಿಗೆ ಯಾರು ಹೇಳಬೇಕು?

1965ರಲ್ಲಿ ರೆಮಿಂಗ್ಟನ್ ಕಂಪನಿ .22-250ನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಕಾಡುಬೆಕ್ಕು ಮನೆಬೆಕ್ಕಾಯಿತು, ಬುಡದ ಮುದ್ರೆಯೂ ಸರಿಯಾಯಿತು.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಕೈಯಿಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ವಿಧಿಯಂತೆ ಬಂದೂಕು ತಯಾರಿಸುವುದಕ್ಕೂ ಪರೀಕ್ಷಿಸಿಕೊಡುವ ಉದ್ಯೋಗಕ್ಕೂ ಲೈಸೆನ್ಸು ಬೇಕು. ಆದರೆ ಚೀಟಿಯ ಪಾಠಕ್ಕೆ ಲೈಸೆನ್ಸು ಬೇಕಿಲ್ಲ. ಷರಬತ್ತಿನ ಸೀಸೆಯಲ್ಲಿ ಸೀಮೆಎಣ್ಣೆ ತುಂಬಿಡುವ ಮನೆಗಳು ನಮ್ಮಲ್ಲೂ ಉಂಟು. ಒಳಗಿನ ವಸ್ತು ಬದಲಾದರೆ ಹೊರಗಿನ ಹೆಸರನ್ನೂ ಅಂದೇ ಬದಲಿಸೋಣ.