ಫೋನಿಗೆ ಹಿಮ್ಮೇಳ ಬರೋದಿಲ್ಲ

ನಮ್ಮ ಚಾನೆಲ್‌ಗೆ ಒಂದು ವರ್ಷ ತುಂಬಿತು. ನಾನು ಹಾರ್ಮೋನಿಯಂ, ರಾಮದುರ್ಗದ ಗೆಳೆಯ ತಬಲಾ. ಒಂದು ವಾರ ಹಾಡು, ಮರುವಾರ ಅದೇ ಹಾಡಿನ ಪಾಠ. ವಾರವಿಡೀ ಬೆಂಗಳೂರಲ್ಲಿ ಕೋಡಿಂಗ್, ಬೈಲಹೊಂಗಲ ಕಡೆ ಊರಿಗೆ ಹೋದಾಗ ರೆಕಾರ್ಡಿಂಗ್.

ಊರಲ್ಲಿ ಎಲ್ಲರ ಮೊದಲ ಪ್ರಶ್ನೆ ಒಂದೇ: "ಎಷ್ಟ್ ರೊಕ್ಕಾ ಬಂತಪಾ?" ಯೂಟ್ಯೂಬ್ ಜಾಹೀರಾತಿನ ಪಾಲು ಕೊಡೋದಕ್ಕೆ 1,000 ಚಂದಾದಾರರು ಬೇಕು. ಅದರ ಜೊತೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಬೇಕು. 4,000 ಗಂಟೆ ಅಂದ್ರೆ ಹತ್ತು ನಿಮಿಷದ ಪಾಠವನ್ನ 24,000 ಸಲ ಪೂರ್ತಿ ನೋಡಿದಷ್ಟು. ನಾವು ಇನ್ನೂ ಅಷ್ಟು ದೂರ ಹೋಗಿಲ್ಲ. ಆದರೆ ವರ್ಷವಿಡೀ ನನ್ನನ್ನು ಕಾಡಿದ್ದು ದುಡ್ಡಿನ ಪ್ರಶ್ನೆ ಅಲ್ಲ. ವಿಡಿಯೊ ನೋಡಿ ನಮ್ಮ ಕಡೆಯ ಹಾಡು ಕಲಿಯೋಕೆ ಆಗುತ್ತಾ ಅನ್ನೋ ಪ್ರಶ್ನೆ.

ಯಾಕಂದ್ರೆ ನಮ್ಮ ಸೀಮೆಯಲ್ಲಿ ಒಬ್ಬರೇ ಹಾಡೋದು ಕಡಿಮೆ. ಕಿತ್ತೂರು ಚನ್ನಮ್ಮ, ಸಂಗೊಳ್ಳಿ ರಾಯಣ್ಣನ ಕಥೆ ಹೇಳೋ ಗೀಗೀ ಪದದಲ್ಲಿ ಮುಂದಿನವರು ದಪ್ಪು ಹಿಡಿದು ಹಾಡಿದರೆ, ಹಿಂದಿನವರು ತುಂತುಣಿ ಮೀಟುತ್ತಾ "ಗೀ ಗೀ" ಅಂತ ದನಿಗೂಡಿಸುತ್ತಾರೆ. ಬೈಲಹೊಂಗಲದ ಕೊಲೆಯೊಂದರ ಕಥೆಯೇ 'ಸಂಗ್ಯಾ ಬಾಳ್ಯಾ' ಸಣ್ಣಾಟ. ಅಲ್ಲೂ ಪಾತ್ರಧಾರಿ ಬಿಟ್ಟ ಜಾಗದಿಂದ ಹಿಮ್ಮೇಳ ಎತ್ತಿಕೊಳ್ಳುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಪದ ಕೇಳಿದವರಿಗೂ ಇದು ಗೊತ್ತು. ಭಜನೆಯಂತೂ ಸರಿಯೇ ಸರಿ: ಒಬ್ಬರು ಅಂದದ್ದನ್ನು ಹತ್ತು ಮಂದಿ ಅನ್ನಬೇಕು.

ಫೋನಿಗೆ ಇದು ಅರ್ಥ ಆಗೋದಿಲ್ಲ. ಅದರ ಗದ್ದಲ ತಗ್ಗಿಸುವ ಸಾಫ್ಟ್‌ವೇರ್ ಇರೋದು ಮಾತಿಗಾಗಿ. ಏರಿಳಿತ ಇಲ್ಲದೆ ಒಂದೇ ಸಮ ಬರೋ ದನಿ ಅಂದ್ರೆ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು. ಹಾರ್ಮೋನಿಯಂ ಶ್ರುತಿಯೂ ಒಂದೇ ಸಮ ಇರುತ್ತದೆ, ಹಾಗಾಗಿ ಅದನ್ನೂ ಗದ್ದಲ ಅಂತ ಅಳಿಸಿ ಹಾಕುತ್ತೆ. ಹಾಡಿಗೆ ನೆಲ ಆಗಿರೋದೇ ಕಸ ಆಗಿಬಿಡುತ್ತದೆ!

ವಿಡಿಯೊ ಕಾಲ್‌ನಲ್ಲಿ ಕೂಡಿ ಹಾಡೋದು ಇನ್ನೂ ಕಷ್ಟ. ದನಿ ಗಾಳಿಯಲ್ಲಿ ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಸಾಕು, ಹಾಗಾಗಿ ಒಂದೇ ಜಮಖಾನೆ ಮೇಲೆ ಕೂತವರಿಗೆ ತಡ ಅನ್ನೋದೇ ಗೊತ್ತಾಗಲ್ಲ. ಕಾಲ್‌ನಲ್ಲಿ 150 ಮಿಲಿಸೆಕೆಂಡ್ ತಡ ಆಗೋದು ಮಾಮೂಲು. ನಿಮಿಷಕ್ಕೆ 120 ಮಾತ್ರೆಯ ಕೆಹರ್ವಾದಲ್ಲಿ ಒಂದು ಮಾತ್ರೆ ಅಂದ್ರೆ 500 ಮಿಲಿಸೆಕೆಂಡ್. ನನ್ನ ದನಿ ನಿಮಗೆ ಮುಟ್ಟಿ, ನಿಮ್ಮ ದನಿ ನನಗೆ ಬರೋದ್ರೊಳಗೆ ಅರ್ಧ ಮಾತ್ರೆಗಿಂತ ಹೆಚ್ಚು ಹೋಗಿರುತ್ತೆ. ನೀವು ನನಗೆ ಕಾಯ್ತೀರಿ, ನಾನು ನಿಮಗೆ ಕಾಯ್ತೀನಿ, ತಾಳ ಕುಂಟುತ್ತೆ.

ಅದಕ್ಕೇ ನಾಲ್ಕನೇ ತಿಂಗಳಿಂದ ಬೇರೆ ದಾರಿ ಹಿಡಿದೆವು. ಪಾಠದ ಜೊತೆ ಬರೀ ಹಿಮ್ಮೇಳದ ವಿಡಿಯೊ: ಶ್ರುತಿ, ತಾಳ, ತಬಲಾ, ಪಲ್ಲವಿ ಹೇಳೋ ನಾಲ್ಕು ದನಿ. ಮುಂದಿನ ಹಾಡುಗಾರನ ಜಾಗ ಖಾಲಿ, ಅಲ್ಲಿ ಹಾಡಬೇಕಾದವರು ನೀವು. ಗಂಡು ದನಿಗೆ ಕಪ್ಪು ಒಂದರ ಶ್ರುತಿ, ಹೆಣ್ಣು ದನಿಗೆ ಕಪ್ಪು ನಾಲ್ಕು. ವೇಗವೂ ಎರಡು, ಒಂದು ನಿಧಾನ, ಒಂದು ಭಜನೆಯ ನಡಿಗೆ.

ಇನ್ನೊಂದು ಎಚ್ಚರ ಕಾಪಿರೈಟ್‌ದು. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಕವಿ ತೀರಿಕೊಂಡು 60 ವರ್ಷ ದಾಟಿದರೆ ನಮ್ಮ ಕಾನೂನಿನಲ್ಲಿ ಪದಗಳು ಎಲ್ಲರ ಸ್ವತ್ತು. ಆದರೆ ಕ್ಯಾಸೆಟ್ಟಿನಲ್ಲಿ ಬಂದ ಹೊಸ ರಾಗ ಸಂಯೋಜನೆಗೆ, ಆ ರೆಕಾರ್ಡಿಂಗ್‌ಗೆ ಬೇರೆ ಹಕ್ಕುದಾರರು ಇರುತ್ತಾರೆ. ಹಾಗಾಗಿ ನಾವು ಊರಿನ ಭಜನಾ ಸಂಘದ ಹಿರಿಯರ ಹಳೇ ಧಾಟಿಯನ್ನೇ ಹಿಡಿದೆವು. ಆಗ ಗೊತ್ತಾಯ್ತು, ಒಂದೇ ಪದಕ್ಕೆ ನಮ್ಮೂರಲ್ಲೊಂದು ಧಾಟಿ, ರಾಮದುರ್ಗದ ಕಡೆ ಇನ್ನೊಂದು. ಎರಡೂ ಎಲ್ಲೂ ರೆಕಾರ್ಡ್ ಆಗಿರಲಿಲ್ಲ.

ಇಷ್ಟಾದರೂ ವಿಡಿಯೊ ಸಂಘಕ್ಕೆ ಬದಲಿ ಅಲ್ಲ. ನಮ್ಮ ಸಂಘದಲ್ಲಿ ಹಾರ್ಮೋನಿಯಂ ಅಜ್ಜಾರಿಗೆ ಬೆರಳು ನೋವು, ತಬಲಾದವನು ಪುಣೆಗೆ ಹೋದ. ಸೋಮವಾರದ ಭಜನೆಗೆ ಕೂಡೋರೇ ಆರೇಳು ಮಂದಿ. ಕಳೆದ ಶ್ರಾವಣದಲ್ಲಿ ನಮ್ಮ ವಿಡಿಯೊ ಹಾಕ್ಕೊಂಡು ಎರಡು ತಿಂಗಳು ಕಲಿತ ಹುಡುಗ ಒಬ್ಬ ಅಲ್ಲಿಗೆ ಬಂದು ಕೂತ. ಧಾಟಿ ಸರಿ ಇತ್ತು, ಉಸಿರು ಸಾಲದೆ ಚರಣದ ನಡುವೆ ನಿಂತ. ಅಜ್ಜಾರು ಬಾತಿ ಒತ್ತುತ್ತಾ ಅದೇ ಸ್ವರದ ಮೇಲೆ ನಿಂತರು, ಉಳಿದವರು ಪಲ್ಲವಿ ಇನ್ನೊಂದು ಸಲ ತಿರುಗಿಸಿದರು. ಹುಡುಗ ಮತ್ತೆ ಎತ್ತಿಕೊಂಡ. ಮುಗಿದ ಮೇಲೆ ಅಜ್ಜಾರು ಅಂದದ್ದು ಇಷ್ಟೇ: "ತಮ್ಮಾ, ಫೋನ್ ನಿನಗ ಕಾಯೂದಿಲ್ಲ. ನಾವು ಕಾಯ್ತೀವಿ."

ಎರಡನೇ ವರ್ಷ ವಿಡಿಯೊ ಕಡಿಮೆ ಮಾಡ್ತೀವಿ, ತಿಂಗಳಿಗೆ ಎರಡು ಸಾಕು. ವ್ಯೂಸ್ ಜೊತೆ ಇನ್ನೊಂದು ಲೆಕ್ಕ ಇಡ್ತೀವಿ: ನೋಡಿದವರಲ್ಲಿ ಎಷ್ಟು ಮಂದಿ ಸಂಘಕ್ಕೆ ಹೋಗಿ ಕೂತರು ಅಂತ.

ನೀವೂ ಮುಂದಿನ ಸಲ ಊರಿಗೆ ಹೋದಾಗ ಹಿರಿಯರ ಒಂದು ಧಾಟಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಒಪ್ಪಿಗೆ ಕೇಳಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, 'ನಾಯ್ಸ್ ರಿಡಕ್ಷನ್' ಆಯ್ಕೆ ಕಂಡರೆ ಆಫ್ ಮಾಡಿ, ಹಾರ್ಮೋನಿಯಂನಿಂದ ಎರಡು ಮಾರು ದೂರ ಇಡಿ. ಆಮೇಲೆ ಫೋನ್ ಕಡೆ ನೋಡಬೇಡಿ. ಪಲ್ಲವಿ ಬಂದಾಗ ನೀವೂ ದನಿಗೂಡಿಸಿ.