ತುಪ್ಪಳಕ್ಕಾಗಿ ಹುಟ್ಟಿದ ಊರು

ಒಂದು ಕಾಲಕ್ಕೆ ಯುರೋಪಿನ ಸಿರಿವಂತರಿಗೆ ಬೀವರ್ ಟೋಪಿ ಪ್ರತಿಷ್ಠೆಯ ಗುರುತಾಗಿತ್ತು. ನದಿಗಳಿಗೆ ಅಡ್ಡಗಟ್ಟೆ ಕಟ್ಟಿ ಬಾಳುವ ಬೀವರ್ ಎಂಬ ಪ್ರಾಣಿಯ ಒಳತುಪ್ಪಳದಿಂದ ತಯಾರಾಗುತ್ತಿದ್ದ ಟೋಪಿ ಅದು. ಅದರ ಬೇಡಿಕೆಯೇ ವ್ಯಾಪಾರಿಗಳನ್ನು ಕೆನಡಾದ ಉತ್ತರದ ಕಾಡುಗಳಿಗೆ ಎಳೆದೊಯ್ದಿತು. 1788ರಲ್ಲಿ ನಾರ್ತ್ ವೆಸ್ಟ್ ಕಂಪನಿ ಅಥಬಾಸ್ಕ ಸರೋವರದ ದಡದಲ್ಲಿ ಠಾಣ್ಯವೊಂದನ್ನು ತೆರೆಯಿತು. ಅದೇ ಆಲ್ಬರ್ಟಾ ಪ್ರಾಂತ್ಯದ ಇಂದಿನ ಫೋರ್ಟ್ ಚಿಪೆವಯನ್.

ಹೆಸರಿಗೆ ಕೋಟೆಯಾದರೂ ಅಲ್ಲಿ ನಡೆಯುತ್ತಿದ್ದುದು ವ್ಯಾಪಾರ. ಕ್ರೀ ಮತ್ತು ಡೆನೆ ಆದಿವಾಸಿಗಳು ಚರ್ಮ ತಂದು ಬಂದೂಕು, ಕಂಬಳಿ, ಪಾತ್ರೆಗಳನ್ನು ಒಯ್ಯುತ್ತಿದ್ದರು. ಅಲೆಗ್ಸಾಂಡರ್ ಮೆಕೆಂಜಿ 1789ರಲ್ಲಿ ಇಲ್ಲಿಂದಲೇ ದೋಣಿಯೇರಿ ಆರ್ಕ್ಟಿಕ್ ಸಾಗರ ಮುಟ್ಟಿದ.

ಟೋಪಿಯ ಷೋಕಿ ಮುಗಿದರೂ ಊರು ಮುಗಿಯಲಿಲ್ಲ. ಸರೋವರದ ಮೀನು, ಜೌಗಿನ ಬೇಟೆ ಜನರನ್ನು ಸಾಕಿದವು. 1899ರ ಎಂಟನೇ ಒಪ್ಪಂದದಲ್ಲಿ ಆದಿವಾಸಿಗಳ ಬೇಟೆ, ಮೀನುಗಾರಿಕೆಯ ಹಕ್ಕು ದಾಖಲಾಯಿತು.

ಆದರೆ ಆ ಹಕ್ಕಿಗೆ ನೀರೇ ಆಧಾರ. 1968ರಲ್ಲಿ ಮೇಲ್ದಂಡೆಯ ಪೀಸ್ ನದಿಗೆ ಬೆನೆಟ್ ಅಣೆಕಟ್ಟು ಬಂದ ಮೇಲೆ ಜೌಗನ್ನು ತುಂಬುತ್ತಿದ್ದ ನೆರೆ ಕುಗ್ಗಿತು. ಮಸ್ಕ್‌ರ್ಯಾಟ್ ಎಂಬ ನೀರಿಲಿಯ ಬೇಟೆ ಸೊರಗಿತು. ಅಥಬಾಸ್ಕ ನದಿಯ ಮೇಲ್ದಂಡೆಯಲ್ಲಿ ಈಗ ತೈಲ ಮರಳಿನ ಗಣಿಗಳಿವೆ. ಅಂಥದೊಂದು ಗಣಿಯ ತ್ಯಾಜ್ಯದ ನೀರು ತಿಂಗಳುಗಟ್ಟಲೆ ಜಿನುಗುತ್ತಿದ್ದುದು 2023ರಲ್ಲಿ ಬಯಲಾದಾಗ, ತಮಗೆ ಸಕಾಲದಲ್ಲಿ ತಿಳಿಸಲಿಲ್ಲವೆಂದು ಊರವರು ಸಿಡಿದೆದ್ದರು.

ಇಂದಿಗೂ ಇಲ್ಲಿಗೆ ವರ್ಷವಿಡೀ ತೆರೆದಿರುವ ರಸ್ತೆಯಿಲ್ಲ. ಚಳಿಗಾಲದಲ್ಲಿ ಹಿಮದ ದಾರಿ, ಉಳಿದಂತೆ ವಿಮಾನ ಇಲ್ಲವೇ ದೋಣಿ. ಬೇಟೆಯ ಹಕ್ಕು ಒಪ್ಪಂದದಲ್ಲಿದೆ; ಬೇಟೆ ಉಳಿಯಬೇಕಾದರೆ ನೀರು ಉಳಿಯಬೇಕು.