ಕೋಳಿಮನೆಯ ನೀರಿನ ಕೊಳವೆ

ಹಳೆಯ ಸೇಲಂ ಜಿಲ್ಲೆ ಒಂದು ಹೋಗಿ ಈಗ ನಾಲ್ಕಾಗಿದೆ. 1965ರಲ್ಲಿ ಧರ್ಮಪುರಿ, 1997ರಲ್ಲಿ ನಾಮಕ್ಕಲ್ ಅದರಿಂದ ಬೇರೆಯಾದುವು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಗಳು ಒಡೆದರೂ ನೆಲದಡಿಯ ನೀರಿನ ಗುಣ ಒಡೆಯಲಿಲ್ಲ. ಬಂಡೆಯ ಬಿರುಕಿನಿಂದ ಬರುವ, ಬೇಳೆ ಬೇಯದ, ಸಾಬೂನು ನೊರೆಗಟ್ಟದ ಗಡಸು ನೀರೇ ಹಲವು ಕಡೆಗಳಲ್ಲಿ ನಮ್ಮ ಪಾಲಿಗೆ ಬಂದಿದೆ. ನಾಮಕ್ಕಲ್ಲಿನ ಮೊಟ್ಟೆಕೋಳಿಗಳೂ ಹೊಸೂರು ಕಡೆಯ ಮಾಂಸದ ಕೋಳಿಗಳೂ ಕುಡಿಯುವುದು ಹೆಚ್ಚಾಗಿ ಇದನ್ನೇ.

ಮೇವಿನ ಲೆಕ್ಕವನ್ನು ಗ್ರಾಮಿನಲ್ಲಿ ಇಡುವ ಸಾಕಣೆಗಾರರನ್ನು ನೀರಿನ ವಿಷಯ ಕೇಳಿದರೆ “ಟ್ಯಾಂಕು ತುಂಬಿದೆ” ಎನ್ನುವರು. ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿಂದರೆ ಅದರ ಎರಡರಷ್ಟು ನೀರು ಕುಡಿಯುವುದು. ಸಾವಿರ ಕೋಳಿಗೆ 220 ಲೀಟರು ಎಂದಾಯಿತು. ಚೈತ್ರ ವೈಶಾಖದ ಬಿಸಿಲಿಗೆ ಇದು ಬಹಳ ಹೆಚ್ಚುವುದು. ಮೊಟ್ಟೆಯ ಒಳಗಿನ ತಿರುಳಿನಲ್ಲಿ ಮುಕ್ಕಾಲು ಪಾಲು ನೀರೇ ಅಲ್ಲವೇ? ನೀರು ತಪ್ಪಿದ ದಿನ ಮೊಟ್ಟೆ ತಪ್ಪುವುದು.

ಆದರೆ ಕೋಳಿ ಟ್ಯಾಂಕಿನಿಂದ ಕುಡಿಯುವುದಿಲ್ಲ, ಪೈಪಿನ ನಿಪ್ಪಲ್ಲಿನಿಂದ ಕುಡಿಯುತ್ತದೆ. ಟ್ಯಾಂಕಿನ ನೀರು ತಿಳಿಯಾಗಿದ್ದು ಕೊನೆಯ ನಿಪ್ಪಲ್ಲಿನ ನೀರು ಕೊಳೆತಿರುವುದು ಸಾಧ್ಯ. ನಮ್ಮ ನೆರೆಯ ಒಂದು ಫಾರಮ್ಮಿನಲ್ಲಿ ಹೀಗೆಯೇ ಆಗಿತ್ತು. ಟ್ಯಾಂಕನ್ನು ತಿಂಗಳಿಗೊಮ್ಮೆ ಉಜ್ಜಿ ತೊಳೆಯುತ್ತಿದ್ದರು. ಕೊನೆಯ ಮುಚ್ಚಳ ಬಿಚ್ಚಿ ಪೈಪಿನೊಳಗೆ ಬೆರಳಾಡಿಸಿದಾಗ ಗಂಜಿಯಂತಹ ಲೋಳೆ ಬೆರಳಿಗೆ ಬಂತು.

ಈ ಲೋಳೆ ಎಲ್ಲಿಂದ ಬರುವುದು? ಕೋಳಿ ಹನಿಹನಿಯಾಗಿ ಕುಡಿಯುವುದರಿಂದ ಪೈಪಿನ ನೀರು ಬಹಳ ನಿಧಾನವಾಗಿ ಚಲಿಸುವುದು, ಶೆಡ್ಡಿನ ಸೆಕೆಗೆ ಬೆಚ್ಚಗಾಗುವುದು. ಅದರಲ್ಲಿ ನಾವು ಬೆಲ್ಲ, ವಿಟಮಿನ್ನು, ಔಷಧಗಳನ್ನು ಬೇರೆ ಕಲಸಿ ಬಿಡುತ್ತೇವೆ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಹಬ್ಬದೂಟ ಬೇಕೆ? ಅವು ಗೋಡೆಗೆ ಅಂಟಿ, ಲೋಳೆಯ ಹೊದಿಕೆ ಹೊದ್ದು ಕೂಡುವುವು. ಗಡಸು ನೀರಿನ ಸುಣ್ಣದ ಗಟ್ಟು ಇದ್ದರೆ ಹಿಡಿತ ಇನ್ನೂ ಬಲ. ಹೊದಿಕೆಯ ಒಳಗಿರುವ ಜೀವಿಗೆ ಕ್ಲೋರಿನ್ನು ಸುಲಭವಾಗಿ ತಾಕದು. ಆಗಾಗ ತುಂಡಾಗಿ ಕಳಚಿದ ಲೋಳೆ ಇ. ಕೋಲಿ ಮೊದಲಾದುವನ್ನು ಹೊತ್ತು ಕೋಳಿಯ ಹೊಟ್ಟೆ ಸೇರುವುದು. ಭೇದಿ ಕಂಡ ಕೂಡಲೇ ರೈತನು ಮತ್ತೆ ಅದೇ ಪೈಪಿನಲ್ಲಿ ಔಷಧ ಬಿಡುವನು. ಖರ್ಚು ಒಂದು ಕಡೆ. ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುವುದು ಇನ್ನೊಂದು ಕಡೆ. ಮನುಷ್ಯರ ಚಿಕಿತ್ಸೆಗೆ ಉಳಿಸಬೇಕಾದ ಕೊಲಿಸ್ಟಿನ್ ಔಷಧವನ್ನು ಕೋಳಿಗಳಿಗೆ ಕೊಡದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ಮೊದಲ ಕೆಲಸ ಪೈಪನ್ನು ರಭಸದ ನೀರಿನಿಂದ ತೊಳೆಯುವುದು. ಕೊನೆಯ ವಾಲ್ವು ತೆರೆದು, ಒತ್ತಡ ಏರಿಸಿ, ನೂರು ಅಡಿ ಪೈಪಿಗೆ ಒಂದು ನಿಮಿಷದಂತೆ ಬಿಡಬೇಕು. ವಾರಕ್ಕೊಮ್ಮೆಯಾದರೂ, ಬೆಲ್ಲ ಔಷಧ ಕೊಟ್ಟ ಪ್ರತಿಸಲವೂ ಇದು ತಪ್ಪಬಾರದು. ಬರುವ ನೀರನ್ನು ಬಿಳಿ ಬಕೀಟಿನಲ್ಲಿ ಹಿಡಿದು ನೋಡಿದರೆ ಒಳಗಿನ ಕಥೆ ತಿಳಿಯುವುದು. ಬೇಸಿಗೆಯಲ್ಲಿ ಮಧ್ಯಾಹ್ನ ಹೀಗೆ ಬಿಟ್ಟರೆ ಕೋಳಿಗೆ ತಂಪು ನೀರೂ ಸಿಕ್ಕುವುದು.

ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ಅಂದಾಜು ಸಲ್ಲದು. ಹೊಸ ಪುಡಿಯಲ್ಲಿ ನೂರಕ್ಕೆ ಮೂವತ್ತರಷ್ಟು ಕ್ಲೋರಿನ್ನು ಇರುವುದೆಂದು ಹಿಡಿದರೆ ಸಾವಿರ ಲೀಟರಿಗೆ 10 ಗ್ರಾಂ ಪುಡಿ 3 ಗ್ರಾಂ ಕ್ಲೋರಿನ್ನು ಕೊಡುವುದು. ಬಾಯಿ ತೆರೆದಿಟ್ಟ ಚೀಲದ ಹಳೆಯ ಪುಡಿಯಲ್ಲಿ ಸುಣ್ಣ ಬಿಟ್ಟು ಹೆಚ್ಚೇನೂ ಉಳಿದಿರುವುದಿಲ್ಲ. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಬಕೀಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಗ್ಗಿಸಿ ಹಾಕಬೇಕು. ಇಲ್ಲವಾದರೆ ಆ ಸುಣ್ಣವೇ ನಿಪ್ಪಲ್ಲನ್ನು ಕಟ್ಟುವುದು. ಅರ್ಧ ಗಂಟೆಯಾದರೂ ನಿಂತ ಬಳಿಕ ನೀರು ಬಿಡುವುದು. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆಯಿಂದ ಕೊನೆಯ ನಿಪ್ಪಲ್ಲಿನ ನೀರನ್ನು ಪರೀಕ್ಷಿಸತಕ್ಕದ್ದು. ಮೂಗಿನ ಪರೀಕ್ಷೆಯನ್ನು ನಂಬುವವರು ಬಹಳ ಮಂದಿ; ನಾವು ನಂಬುವುದಿಲ್ಲ. ಅಂದ ಹಾಗೆ, ಧರ್ಮಪುರಿ ಸೀಮೆಯ ನೀರಿನ ಫ್ಲೋರೈಡು ಬ್ಲೀಚಿಂಗಿನಿಂದ ಹೋಗುವುದಿಲ್ಲ, ಅದು ಬೇರೆಯೇ ಸಂಗತಿ.

ಕೋಳಿ ಮಾರಿ ಶೆಡ್ಡು ಖಾಲಿಯಾದಾಗ ಮಾತ್ರ ಪೂರ್ಣ ಶುದ್ಧಿ ಮಾಡಲು ಅನುಕೂಲ. ಮೊದಲು ಲೋಳೆ ಬಿಡಿಸಲು ಹೈಡ್ರೋಜನ್ ಪೆರಾಕ್ಸೈಡ್ ಮದ್ದನ್ನು ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಪೈಪಿನಲ್ಲಿ ತುಂಬಿ ಒಂದು ದಿನ ಬಿಟ್ಟು, ಚೆನ್ನಾಗಿ ತೊಳೆದು, ಆಮೇಲೆ ಸುಣ್ಣದ ಗಟ್ಟಿಗೆ ಸಿಟ್ರಿಕ್ ಆಮ್ಲದ ನೀರು ತುಂಬುವುದು; ಮತ್ತೆ ತೊಳೆಯುವುದು. ಪೆರಾಕ್ಸೈಡು ಕೈ ಕಣ್ಣು ಸುಡುವುದಾದ್ದರಿಂದ ಕೈಚೀಲ, ಕನ್ನಡಕ ಬೇಕು. ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಕೂಡದು. ಕೂಡಿಸಿದರೆ ಏಳುವ ವಿಷಗಾಳಿ ಆಳನ್ನು ಕೊಲ್ಲಬಲ್ಲುದು.

ರಾಣಿಖೇತ್, ಎಂದರೆ ಕೊಕ್ಕರೆ ರೋಗದ ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ ಇದೆಲ್ಲ ತಿರುಗುಮುರುಗು. ಲಸಿಕೆಯ ಜೀವಕಣವನ್ನು ಕ್ಲೋರಿನ್ನು ಕೊಲ್ಲುವುದರಿಂದ ಹಿಂದಿನ ದಿನದಿಂದ ಮರುದಿನದವರೆಗೆ ಕ್ಲೋರಿನ್ನಿಲ್ಲದ ನೀರನ್ನೇ ಕೊಟ್ಟು, ಲಸಿಕೆಯ ನೀರಿಗೆ ಲೀಟರಿಗೆ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಬೇಕು. ಆ ಹಾಲು ಪೈಪಿನಲ್ಲಿ ಉಳಿದರೆ ಲೋಳೆಗೆ ಮತ್ತೆ ಊಟ; ಲಸಿಕೆಯ ನೀರು ಮುಗಿದ ಮೇಲೆ ಬರಿಯ ನೀರಿನಿಂದ ತೊಳೆಯಲು ಮರೆಯಬಾರದು.

ನೀರನ್ನು ಪರೀಕ್ಷೆಗೆ ಕಳಿಸುವವರು ಕುದಿಸಿದ ಎರಡು ಸೀಸೆಗಳಲ್ಲಿ, ಟ್ಯಾಂಕಿನದೊಂದು, ಕೊನೆಯ ನಿಪ್ಪಲ್ಲಿನದೊಂದು, ಬೇರೆ ಬೇರೆ ಹಿಡಿದು ಹೆಸರು ಬರೆದು, ಮಂಜುಗಡ್ಡೆಯಲ್ಲಿಟ್ಟು ಅಂದೇ ತಲುಪಿಸುವುದು. ನಾಮಕ್ಕಲ್ಲಿನಲ್ಲಿ ಪಶುವೈದ್ಯ ಕಾಲೇಜೂ ಹೊಸೂರಿನ ಮತ್ತಿಗಿರಿಯಲ್ಲಿ ಕೋಳಿಸಾಕಣೆಯ ಕಾಲೇಜೂ ಇವೆ. ಎಲ್ಲಿ, ಹೇಗೆ ಕಳಿಸಬೇಕೆಂದು ಅಲ್ಲಿ ವಿಚಾರಿಸಬಹುದು.